ಸಪ್ಪಳ ಕುಡಿಯುವ ಗಾದಿ

ನಮ್ಮ ಅತ್ತೆ ದಾವಲಬಿ ಗದಗಿನ ತನ್ನ ಗಾದಿ ಅಂಗಡಿಯ ಕಟ್ಟೆಯ ಮೇಲೆ ತಾಮ್ರದ ಹಂಡೆಯೊಂದನ್ನು ಬೋರಲು ಹಾಕಿ, ಅದಕ್ಕೆ ಹೂವಿನ ಬಟ್ಟೆಯ ದಪ್ಪ ಗವಸು ತೊಡಿಸಿ, ನನ್ನ ಕೈಗೆ ಒನಕೆ ಕೊಟ್ಟಳು. ಓಣಿಯ ಅರ್ಧ ಜನ ನೋಡಲು ನೆರೆದಿದ್ದರು.

"ಹೊಡಿ ರಾಜಾ. ನನ್ನ ಮ್ಯಾಲಿನ ಸಿಟ್ಟೆಲ್ಲಾ ಹಾಕಿ ಹೊಡಿ."

ಆ ವಿಷಯದಲ್ಲಿ ನನಗೆ ಕೊರತೆ ಇರಲಿಲ್ಲ. ಎರಡೂ ಕೈಯಿಂದ ಒನಕೆ ಎತ್ತಿ ಹೊಡೆದೆ. ಹಂಡೆ ನಡುವೆ ತಗ್ಗಾಯಿತು, ಆದರೆ ಸಪ್ಪಳ ಬರಲಿಲ್ಲ. ಇನ್ನೆರಡು ಸಲ ಹೊಡೆದೆ. ಹಂಡೆ ತಟ್ಟೆಯಾಯಿತು, ಒನಕೆ ಸೀಳಿತು, ನನ್ನ ಮೊಳಕೈ ಜುಮ್ಮೆಂದಿತು. ಒಂದು ಪಿಸುಗುಟ್ಟಿನಷ್ಟೂ ಸದ್ದಿಲ್ಲ. ಜನ ಚಪ್ಪಾಳೆ ತಟ್ಟಿದರು. ಅತ್ತೆ ಸೆರಗು ಸರಿಮಾಡಿಕೊಂಡು, ಮದುವೆಯಲ್ಲಿ ಆಹೇರಿ ಸ್ವೀಕರಿಸುವವಳ ಹಾಗೆ ನಿಂತಳು. ಹಂಡೆ ನನ್ನದಾಗಿತ್ತು.

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಓಣಿಯವರು ಹೇಳುತ್ತಾರೆ. ಓಣಿಯವರಿಗೆ ದಾವಲಬಿ ಅತ್ತೆಯಲ್ಲ, ಅದಕ್ಕೇ ಹೇಳುತ್ತಾರೆ. ಅವಳು ನನ್ನ ಅಪ್ಪನ ಖಾಸಾ ತಂಗಿ. ನನ್ನವ್ವ ತೀರಿಕೊಂಡಾಗ ಆರು ವರ್ಷದ ನನ್ನನ್ನು ಸಾಕಿದಳು, ದೊಡ್ಡವನಾದ ಮೇಲೆ ತನ್ನ ಮಗಳು ರಮಜಾನಬಿಯನ್ನೂ ಕೊಟ್ಟಳು. ಹೀಗಾಗಿ ನನ್ನ ಮೇಲೆ ಅವಳಿಗೆ ಎರಡೆರಡು ಕಡೆಯಿಂದ ಅಧಿಕಾರ. ನಾವು ನದಾಫರು, ತಲೆತಲಾಂತರದಿಂದ ಹತ್ತಿ ಹಿಂಜಿ ಗಾದಿ ಹೊಲಿಯುವವರು. ನಾನೊಬ್ಬ ಆ ಧೂಳಿನಿಂದ ತಪ್ಪಿಸಿಕೊಂಡು ಲಾರಿ ಹಿಡಿದೆ. ಅತ್ತೆ ಮಾತ್ರ ಗಾದಿಯಲ್ಲೇ ಉಳಿದಳು, ಆದರೆ ಸುಮ್ಮನೆ ಉಳಿಯಲಿಲ್ಲ. ಹೋದ ವರ್ಷ ಬೆಳಗಿನ ಜಾವ ತಾನೇ ಎಬ್ಬಿಸುವ ದಿಂಬು ಮಾಡಿದ್ದಳು. ಅದು ಎದುರು ಮನೆಯ ಶೇಖರಪ್ಪ ಮಾಸ್ತರರನ್ನು ಮಂಚದಿಂದ ಎತ್ತಿ ಎಸೆಯಿತು. ಮಾಸ್ತರರು ಈಗಲೂ ದಿಂಬಿಲ್ಲದೆ ಮಲಗುತ್ತಾರೆ.

ಈ ಸಲದ ಗಂಟು ಬಿದ್ದದ್ದು ನನ್ನ ಕಿವಿಯಿಂದ. ನನ್ನದು ಹಳೇ ಆರು ಗಾಲಿಯ ಲಾರಿ. ಎಂಜಿನ್ನು ಡ್ರೈವರನ ಪಕ್ಕದಲ್ಲೇ, ಕ್ಯಾಬಿನ್ನಿನ ಒಳಗೆ ತಗಡಿನ ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಇಪ್ಪತ್ತೆರಡು ವರ್ಷ ಅದರ ಪಕ್ಕ ಕೂತವನ ಕಿವಿ ಏನಾಗಬೇಕು? ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಎಡಗಿವಿ ಅರ್ಧ ಹೋಗಿದೆ, ಬಲಗಿವಿ ಅದರ ಹಿಂದೆ ಹೊರಟಿದೆ ಎಂದರು. ಕ್ಯಾಬಿನ್ನಿನ ಸದ್ದು ಇಳಿಸು, ಇಲ್ಲವಾದರೆ ಸ್ಟೇರಿಂಗ್ ಬಿಡು ಎಂದರು. ಸ್ಟೇರಿಂಗ್ ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ.

ಹಾಗಾಗಿ ಕ್ಯಾಬಿನ್ನಿನ ಒಳಗೆ ಏನು ಹಚ್ಚುವುದು ಎಂದು ಹತ್ತು ಕಡೆ ಕೇಳಿದೆ. ಲಕ್ಷ್ಮೇಶ್ವರದ ಗೆಳೆಯನೊಬ್ಬ ತತ್ತಿಯ ಟ್ರೇ ಬಡಿ ಎಂದ. ಓಣಿಯ ಬಡಿಗೇರ ಥರ್ಮಾಕೋಲು ಎಂದ; ಎಂಜಿನ್ನಿನ ಕಾವಿಗೆ ಅದು ಕರಗುತ್ತದೆ ಎಂದು ಅವನೇ ಆಮೇಲೆ ಹೇಳಿದ. ಕಡೆಗೆ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಒಂದು ಕಡೆ ಡಾಂಬರಿನ ಕಪ್ಪು, ಇನ್ನೊಂದು ಕಡೆ ಬೆಳ್ಳಿ ಬಣ್ಣದ ಹಾಳೆ ತೋರಿಸಿದರು. ಅಂಗಡಿಯವನು ಬರಿಯ ತಗಡನ್ನು ಬೆರಳಿನಿಂದ ಕುಟ್ಟಿದ, ಠಣ್ ಎಂದಿತು. ಹಾಳೆ ಅಂಟಿಸಿ ಕುಟ್ಟಿದ, ದಬ್ ಎಂದಿತು. ಆ ದಬ್ ನನಗೆ ಹಿಡಿಸಿತು. ಇದೇ ಸೈ ಎಂದು ಮನೆಗೆ ಬಂದು ಹೇಳಿದೆ.

ಸಾರು ಬಡಿಸುತ್ತಿದ್ದ ಅತ್ತೆಯ ಕೈ ನಿಂತಿತು.

"ಗಾದಿ ಹೊಲ್ಯಾಕಿ ಮನ್ಯಾಗ ಇರಬೇಕಾದ್ರ, ನನ್ನ ಅಳಿಯಾ ಡಾಂಬರ ಹಾಳಿ ತರತಾನಂತ" ಎಂದಳು.

ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಅದು ಚೆನ್ನಾಗಿತ್ತು. ನಾಲ್ಕನೆಯ ದಿನ ನೋಡಿದರೆ ಟೇಪು ಹಿಡಿದು ನನ್ನ ಕ್ಯಾಬಿನ್ನಿನೊಳಗೆ ಅಳತೆ ತೆಗೆಯುತ್ತಿದ್ದಳು. ಒಂದೂವರೆ ತಿಂಗಳು ಹಿತ್ತಲಿನಲ್ಲಿ ಏನೇನೋ ಹಿಂಜಿದಳು, ಹುರಿದಳು. ಬೂರುಗದ ಹತ್ತಿ, ತೆಂಗಿನ ನಾರು, ಕಂಬಳಿಯ ಚೂರು ಇದ್ದವು ಎಂಬುದು ನನಗೆ ಗೊತ್ತು. ಅವುಗಳ ಜೊತೆ ಬೆರೆಸಿದ ಒಂದು ಕರಿ ಪುಡಿ ಏನೆಂದು ಅವಳು ಇವತ್ತಿನವರೆಗೂ ಹೇಳಿಲ್ಲ. ಕೇಳಿದರೆ, "ಹತ್ತಿ ನೀರು ಕುಡದಂಗ ಇದು ಸಪ್ಪಳ ಕುಡೀತೈತಿ, ಇಷ್ಟ ತಿಳ್ಕೊ" ಎನ್ನುತ್ತಾಳೆ.

ಹಂಡೆ ಹೋದ ಮೇಲೆ ನನಗೆ ಬೇಡ ಎನ್ನಲು ಯಾವ ಕಾರಣವೂ ಉಳಿಯಲಿಲ್ಲ. ಬಾಗಿಲಿಗೆ, ಚಾವಣಿಗೆ, ಎಂಜಿನ್ನಿನ ಪೆಟ್ಟಿಗೆಗೆ, ಕಾಲ ಬುಡಕ್ಕೆ ಎಲ್ಲ ಕಡೆ ಗುಲಾಬಿ ಹೂವಿನ ಗಾದಿ ಕೂತಿತು. ನಲವತ್ತು ವರ್ಷ ಗಾಡಿ ಹೊಡೆದ ಡ್ರೈವರುಗಳು ಬಂದು ನೋಡಿ, ಮೊದಲ ರಾತ್ರಿಗೆ ಅಲಂಕಾರ ಮಾಡಿದಂತಿದೆ ಎಂದು ನಕ್ಕು ಹೋದರು.

ಮೊದಲ ಬಾಡಿಗೆ ಹೊಸಪೇಟೆಗೆ ಚುರುಮರಿ, ಬರೀ ಮಂಡಕ್ಕಿ. ಲಾರಿಯ ತುಂಬ ಮಾಳಿಗೆಯೆತ್ತರ ಚೀಲ ಒಟ್ಟಿದರೂ ಎರಡು ಟನ್ ದಾಟದ ಸರಕು ಅದು. ಗಾದಿ ಹೇಗೆ ಕೆಲಸ ಮಾಡುತ್ತದೆ ನೋಡಬೇಕೆಂದು ಅತ್ತೆ ಬುತ್ತಿ ಕಟ್ಟಿಕೊಂಡು ಹತ್ತಿ ಕೂತಳು. ಬೇಡ ಎಂದೆ. ಅವಳಿಗೆ ಬೇಡ ಎಂಬ ಮಾತು ಕೇಳಿಸುವುದಿಲ್ಲ. ಅದಕ್ಕೆ ಯಾವ ಡಾಕ್ಟರೂ ಇಲ್ಲ.

ನಿಜ ಹೇಳಬೇಕು. ಗಾಡಿ ಸ್ಟಾರ್ಟ್ ಮಾಡಿದಾಗ ಎಂಜಿನ್ನು ನಡೆಯುತ್ತಿದೆಯೋ ಇಲ್ಲವೋ ಎಂದು ಕೈ ಇಟ್ಟು ನೋಡಬೇಕಾಯಿತು. ಅಷ್ಟು ಶಾಂತ. ಊರು ದಾಟುವವರೆಗೆ ನಾನು ಸ್ವರ್ಗದಲ್ಲಿದ್ದೆ. ಊರು ದಾಟಿದ ಮೇಲೆ ಅತ್ತೆ ಮಾತಿಗೆ ಶುರುವಿಟ್ಟುಕೊಂಡಳು. ಇಪ್ಪತ್ತೆರಡು ವರ್ಷ ನನ್ನನ್ನು ಕಾಯ್ದದ್ದು ಆ ಎಂಜಿನ್ನಿನ ಸದ್ದೇ ಎಂದು ಆಗ ಗೊತ್ತಾಯಿತು. ಈಗ ಅವಳ ಒಂದೊಂದು ಅಕ್ಷರವೂ ಸ್ಪಷ್ಟ ಕೇಳುತ್ತಿತ್ತು. ನಾನು ಗೇರು ಬದಲಿಸುವ ರೀತಿ, ನಾನು ನನ್ನ ಮಗಳನ್ನು ಮುದ್ದು ಮಾಡಿ ಕೆಡಿಸಿದ್ದು, ನಾನು ಹನ್ನೊಂದನೆಯ ವಯಸ್ಸಿನಲ್ಲಿ ಕದ್ದು ತಿಂದ ಬೆಲ್ಲ. ಲಕ್ಕುಂಡಿ ಬರುವಷ್ಟರಲ್ಲಿ ನಾನು ಕೂಗಾಡುತ್ತಿದ್ದೆ, ಅವಳು ಅದಕ್ಕಿಂತ ಜೋರು ಕೂಗುತ್ತಿದ್ದಳು.

ಆಗಲೇ ಸ್ಟೇರಿಂಗ್ ಬಿಗಿಯಾಗತೊಡಗಿತು. ಸಣ್ಣ ಏರಿಗೂ ಲಾರಿ ಏದುಸಿರು ಬಿಟ್ಟಿತು. ದಾರಿಗೆ ಅಡ್ಡ ಬಂದ ಆಡುಗಳಿಗೆ ಹಾರ್ನ್ ಹೊಡೆದು ಅವುಗಳ ಯಜಮಾನನಿಗೆ ನಾಲ್ಕು ಮಾತು ಬೈದೆ. ಮುಂದಿನ ಗಾಲಿಗಳು ಟಾರಿಗೆ ಅಂಟಿದಂತಾದವು. ಭಾನಾಪುರದ ಹತ್ತಿರ ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸಿ ನೋಡಿದರೆ ಮುಂದಿನ ಸ್ಪ್ರಿಂಗಿನ ಪಾಟಾ ಚಪ್ಪಟೆಯಾಗಿತ್ತು, ಟೈರುಗಳ ಹೊಟ್ಟೆ ಉಬ್ಬಿತ್ತು. ಪಂಕ್ಚರಿನವನು ಬಗ್ಗಿ ನೋಡಿ ಏನು ಹೇರಿದ್ದೀರಿ ಎಂದು ಕೇಳಿದ. ಚುರುಮರಿ ಎಂದೆ. ಅವನು ನಗುವುದನ್ನು ನಿಲ್ಲಿಸಲು ನೀರು ಕುಡಿಯಬೇಕಾಯಿತು. ನಾನು ಅವನಿಗೂ ಬೈದು, ಗಾಳಿ ತುಂಬಿಸಿ ಹೊರಟೆ.

ಗಾಡಿ ಹತ್ತಿದ ಮೇಲೆ ಎಲ್ಲ ಸಿಟ್ಟನ್ನೂ ಅತ್ತೆಯ ಮೇಲೆ ಹಾಕಿದೆ. ನಿನ್ನ ಗಾದಿಯ ಭಾರಕ್ಕೇ ಹೀಗಾಗಿದೆ, ಹುಬ್ಬಳ್ಳಿಯ ಹಾಳೆ ಹಚ್ಚಿದ್ದರೆ ಇಷ್ಟು ಹೊತ್ತಿಗೆ ಹೊಸಪೇಟೆ ಮುಟ್ಟುತ್ತಿದ್ದೆ, ನಿನ್ನನ್ನು ಯಾರು ಕೇಳಿದ್ದರು ಎಂದೆ. ಅವಳು ಮೆಲ್ಲಗೆ ಹೇಳಿದಳು:

"ನಿಮ್ಮ ಮಾವ ಹತ್ತಿ ಫ್ಯಾಕ್ಟರ್‍ಯಾಗ ದುಡಿದು ಕಿವಿ ಕಳಕೊಂಡ್ರು. ಕಡೀ ಐದು ವರ್ಷ ನನ್ನ ಒಂದು ಮಾತೂ ಅವರಿಗೆ ಕೇಳಲಿಲ್ಲ. ನಿನಗ ಹಂಗ ಆಗಬಾರದಂತ ಮಾಡಿದ್ನಿ."

"ಪುಣ್ಯವಂತರು ಅವರು" ಎಂದೆ.

ಬಾಯಿಂದ ಬಿದ್ದ ಕೂಡಲೇ ಅದು ತಪ್ಪೆಂದು ಗೊತ್ತಾಯಿತು. ಆದರೆ ನನ್ನ ಬಾಯಿಗೆ ರಿವರ್ಸ್ ಗೇರಿಲ್ಲ. ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಕೊಪ್ಪಳ ದಾಟುವವರೆಗೆ ಒಂದು ಮಾತೂ ಆಡಲಿಲ್ಲ, ನಾನೂ ಆಡಲಿಲ್ಲ. ಆ ಹೊತ್ತಿನಲ್ಲಿ ಸ್ಟೇರಿಂಗ್ ಹಗುರಾಗುತ್ತ ಬಂತು. ಪಂಕ್ಚರಿನವನ ಗಾಳಿಯ ಗುಣ ಎಂದುಕೊಂಡೆ. ಅಷ್ಟರಲ್ಲಿ ಅದಿರಿನ ಲಾರಿಗಳ ಸಾಲು ಸಿಕ್ಕಿತು. ಎಡಕ್ಕೊಬ್ಬ ನುಗ್ಗಿದ, ಬಲಕ್ಕೊಬ್ಬ ನುಗ್ಗಿದ. ಅವರಿಗೆ ನಾನು ಗಿಣಿಗೇರಿಯವರೆಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಲಾರಿ ಮತ್ತೆ ಎಮ್ಮೆಯಾಯಿತು.

ಮುಂದೆ ಅದಿರು ಕಳ್ಳಸಾಗಣೆ ತಡೆಯುವ ನಾಕಾ. ಪ್ರತಿ ಲಾರಿಯನ್ನೂ ಕಾಟಾದ ಮೇಲೆ ಹತ್ತಿಸಿ ತೂಗುತ್ತಾರೆ. ತೂಕ ಪಕ್ಕದ ಹಲಗೆಯಲ್ಲಿ ಕೆಂಪು ಅಂಕಿಯಲ್ಲಿ ಕಾಣುತ್ತದೆ. ನನ್ನ ಲಾರಿ ಸರಕು ಸಮೇತ ಏಳು ಟನ್ ಇರಬೇಕು. ಹಲಗೆ ಹದಿನಾಲ್ಕು ಟನ್ ಮುನ್ನೂರು ಕೆಜಿ ತೋರಿಸಿತು.

ನಾಕಾದ ಸಾಹೇಬರ ಹೆಸರು ಅಮರಗುಂಡಪ್ಪ. ತೆಳ್ಳಗಿನ ಮನುಷ್ಯ, ಕನ್ನಡಕ, ದೇವರ ಮುಂದೆ ಮಾತಾಡುವಂಥ ಧ್ವನಿ. ಏನು ಸರಕು ಎಂದು ಕೇಳಿದರು, ಹೇಳಿದೆ. ಅವರು ಹಲಗೆ ನೋಡಿದರು, ಚೀಲ ನೋಡಿದರು, ನನ್ನನ್ನು ನೋಡಿದರು.

"ಚುರುಮರಿ ತಳಕ್ಕ ಏನೈತಿ?"

ಅದಿರು ಅಡಗಿಸಿದ್ದೇನೆ ಎಂದು ಅವರ ಅನುಮಾನ. ಅದು ಸಾಬೀತಾದರೆ ಲಾರಿ ಜಪ್ತಿ, ನಾನು ಒಳಗೆ. ಕಿವಿ ಇದ್ದರೇನು, ಹೋದರೇನು? ನಾನು ಸೀಟಿನಲ್ಲಿ ಕೂತೇ ಕಿಟಕಿಯಿಂದ ಕೂಗಾಡಿದೆ. ಕೂಗಿದಂತೆಲ್ಲ ಹಲಗೆಯ ಅಂಕಿ ಇಪ್ಪತ್ತು, ನಲವತ್ತು ಕೆಜಿಯಂತೆ ಏರಿತು. ಯಂತ್ರಕ್ಕೆ ಏನೋ ಮಾಡುತ್ತಿದ್ದಾನೆ ಎಂದು ಗುಮಾಸ್ತ ಬರೆದುಕೊಂಡ. ನನ್ನನ್ನು ಇಳಿಸಿ, ಹಮಾಲರನ್ನು ಹತ್ತಿಸಿ ಚೀಲ ಇಳಿಸಲು ಹೇಳಿದರು. ಒಂದೊಂದು ಚೀಲಕ್ಕೂ ಕಬ್ಬಿಣದ ಸರಳು ಚುಚ್ಚಿದರು. ಬಯಲುಸೀಮೆಯ ಗಾಳಿ ಬಿಡುತ್ತದೆಯೇ? ತೂತಿನಿಂದ ಚುರುಮರಿ ಎದ್ದು ಹೆದ್ದಾರಿಯ ಮೇಲೆ ಹಾರಿತು. ಎಲ್ಲಿಂದಲೋ ಮೂವತ್ತು ಆಡು ಬಂದವು. ಬೆಳಗಿನಿಂದ ಹೊಸಪೇಟೆಯ ವ್ಯಾಪಾರಿ ಕಾಯುತ್ತಿದ್ದ ಸರಕು ನನ್ನ ಕಣ್ಣೆದುರು ಆಡಿನ ಹೊಟ್ಟೆ ಸೇರಿತು. ಖಾಲಿ ಲಾರಿ ತೂಗಿದರು, ಹನ್ನೆರಡೂವರೆ ಟನ್. ಅದಿರಿನ ಒಂದು ಹರಳೂ ಸಿಗಲಿಲ್ಲ.

ಅಷ್ಟು ಹೊತ್ತೂ ನೆರಳಿನಲ್ಲಿ ಕೂತಿದ್ದ ಅತ್ತೆ ಎದ್ದು ಬಂದು ಹಲಗೆಯ ಮುಂದೆ ನಿಂತಳು. ಅವಳ ಮುಖದಲ್ಲಿ ಗಾಬರಿ ಇರಬೇಕಿತ್ತು. ಇದ್ದದ್ದು ಹಂಡೆ ತಟ್ಟೆಯಾದ ದಿನದ ಕಳೆ.

ಅವಳು ಸಾಹೇಬರಿಗೆ ವಿವರಿಸಿದಳು. ನೀರು ಕುಡಿದ ಹತ್ತಿ ಭಾರವಾಗುವುದಿಲ್ಲವೇ? ಹಾಗೆಯೇ ಸಪ್ಪಳ ಕುಡಿದ ಗಾದಿಯೂ ಭಾರವಾಗಿದೆ. ಎಂಜಿನ್ನಿನ ಸಪ್ಪಳ ತೆಳುವಾದದ್ದು, ನೀರಿನ ಹಾಗೆ ಆಗಿಂದಾಗ ಆರಿಹೋಗುತ್ತದೆ. ಸಿಟ್ಟಿನ ಮಾತು ಎಣ್ಣೆಯಂಥದ್ದು, ಬೇಗ ಆರುವುದಿಲ್ಲ.

"ಈ ನನ್ನ ಅಳಿಯಾ ಒಂದು ಮಾತಂದು ನನ್ನ ಬಾಯಿ ಮುಚ್ಚಿಸಿದಾನ್ರೀ. ಆಗ ಅರ್ಧಾ ತಾಸು ಇಬ್ಬರೂ ಸುಮ್ಮನಿದ್ವಿ, ಗಾಡಿ ಹಗುರಾಗಿತ್ತು. ಬೇಕಾದ್ರ ನೀವ ಒಳಗ ಕುಂತು ಒದರಿ ನೋಡ್ರಿ."

ಸಾಹೇಬರು ನಂಬಲಿಲ್ಲ. ಆದರೆ ವರದಿ ಬರೆಯಲು ಅವರಿಗೂ ಬೇರೆ ದಾರಿ ಇರಲಿಲ್ಲ. ಕ್ಯಾಬಿನ್ ಹತ್ತಿ ಬಾಗಿಲು, ಗಾಜು ಹಾಕಿಕೊಂಡರು. ಹೊರಗೆ ನಮಗೆ ಏನೂ ಕೇಳಲಿಲ್ಲ. ಗಾಜಿನ ಹಿಂದೆ ಅವರ ಬಾಯಿ ಮೊದಲು ಸಣ್ಣಗೆ ಆಡಿತು, ಆಮೇಲೆ ದೊಡ್ಡದಾಗಿ ತೆರೆಯಿತು, ಕುತ್ತಿಗೆಯ ನರ ಉಬ್ಬಿದವು, ಕನ್ನಡಕ ಕೆಳಗೆ ಬಿತ್ತು. ಹಲಗೆಯ ಅಂಕಿ ಹತ್ತು ಹತ್ತಾಗಿ ಏರುತ್ತಿದ್ದುದು ಐವತ್ತು ಐವತ್ತಾಗಿ ಏರಿತು. ಯಾರಿಗೆ ಬೈದರೋ, ಎಷ್ಟು ವರ್ಷದ್ದೋ, ದೇವರಿಗೇ ಗೊತ್ತು. ಕಾಲು ತಾಸಿನ ಮೇಲೆ ಇಳಿದು ಬಂದು ನೀರು ಕೇಳಿದರು.

"ಒಂಥರಾ ಹಗುರಾತು" ಎಂದರು. ಲಾರಿ ಎಂಟು ಕ್ವಿಂಟಲ್ ಭಾರವಾಗಿತ್ತು.

ಅಲ್ಲಿಗೆ ಮುಗಿದಿದ್ದರೆ ನನ್ನ ಮೇಲಿನ ಅನುಮಾನ ಹೋಗಿ ನಾನು ಮನೆಗೆ ಹೋಗುತ್ತಿದ್ದೆ. ಆದರೆ ಗುಮಾಸ್ತ, ತಾನೂ ಒಂದು ಸಲ ಪರೀಕ್ಷೆ ಮಾಡಲೇ ಎಂದು ಕೇಳಿದ. ಅವನು ಇಳಿಯುವುದರೊಳಗೆ ನಾಕಾದ ಪೊಲೀಸಿನವನು ಬಾಗಿಲಲ್ಲಿ ಸಾಲು ನಿಂತು ಪಾಳಿ ಹಚ್ಚಿದ್ದ. ಹಿಂದೆ ನಿಂತ ಅದಿರಿನ ಲಾರಿಗಳ ಡ್ರೈವರುಗಳು ಸುದ್ದಿ ತಿಳಿದು ಓಡಿ ಬಂದರು. ಒಬ್ಬ ಮಾಲೀಕನಿಗೆ ಬೈದ, ಒಬ್ಬ ಟೋಲಿನವರಿಗೆ, ಒಬ್ಬ ಬೀಗರಿಗೆ. ಬಸ್ಸೊಂದನ್ನು ರಸ್ತೆಯಲ್ಲೇ ನಿಲ್ಲಿಸಿ ಕಂಡಕ್ಟರನೂ ಬಂದ. ಅವನೊಬ್ಬನದೇ ಒಂದೂವರೆ ಟನ್ ಆಯಿತು. ಇದು ನನ್ನ ಲಾರಿ ಎಂದು ನಾನು ಹೊರಗೆ ನಿಂತು ಅರಚುತ್ತಿದ್ದೆ. ಯಾರೂ ಕೇಳಲಿಲ್ಲ. ಒಳಗೆ ಹೋಗಿ ಬೈಯೋಣವೆಂದರೆ ಪಾಳಿ ಮುರಿಯಬೇಡ ಎಂದು ನನಗೇ ಗದರಿದರು.

ಹಲಗೆ ನಲವತ್ತು ಟನ್ ದಾಟಿದಾಗ ಮುಂದಿನ ಎರಡೂ ಟೈರು ಒಟ್ಟಿಗೆ ಸಿಡಿದವು. ಕಾಟಾದ ಉಕ್ಕಿನ ಹಾಸು ಬಾಗಿ ಕೆಳಗಿನಿಂದ ನರಳಿತು. ಆಗ ಸಾಹೇಬರಿಗೆ ಎಚ್ಚರ ಬಂತು. ಎಲ್ಲ ಗಾಡಿಗಳ ಎಂಜಿನ್ ಆರಿಸಲು, ಯಾರೂ ಉಸಿರೆತ್ತದಿರಲು ಕೈಸನ್ನೆ ಮಾಡಿದರು. ಹೆದ್ದಾರಿಯ ಮೇಲೆ ನೂರು ಜನ ಮಸೀದಿಯಲ್ಲಿ ನಿಂತಂತೆ ನಿಂತರು. ಗಾದಿಗಳನ್ನು ಕೊಯ್ದು ತೆಗೆಯಬೇಕೆಂದು ಒಬ್ಬ ಹಮಾಲ ಕುಡಗೋಲು ಹಿಡಿದು ಹೊರಟ.

ಅತ್ತೆ ಅವನಿಗಿಂತ ಮೊದಲು ಓಡಿ ಕ್ಯಾಬಿನ್ ಹತ್ತಿ ಬಾಗಿಲು ಹಾಕಿಕೊಂಡಳು. ಅರವತ್ತೆಂಟು ವರ್ಷದ ಹೆಂಗಸು, ಮಂಡಿ ನೋವು ಬೇರೆ. ಹೇಗೆ ಹತ್ತಿದಳೋ ನನಗೆ ತಿಳಿಯಲಿಲ್ಲ. ತನ್ನ ಹೊಲಿಗೆಗೆ ಬೇರೆಯವರ ಕುಡಗೋಲು ತಾಗುವುದನ್ನು ಅವಳು ಸಹಿಸುವುದಿಲ್ಲ. ತಾನೇ ಬಿಚ್ಚುತ್ತೇನೆಂದು ದಬ್ಬಣ ಹಿಡಿದು ಕೂತಳು. ಹಾಸು ಇನ್ನೊಂದು ಗೇಣು ಇಳಿಯಿತು.

ಕಾಟಾದ ಕೆಳಗೆ ಎರಡಾಳು ಆಳದ ಗುಂಡಿ ಇರುತ್ತದೆ. ನನ್ನ ಅಷ್ಟು ಹೊತ್ತಿನ ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಚಪ್ಪಲಿ ಬಿಟ್ಟು, ಬೆಕ್ಕಿನ ಹಾಗೆ ಹಾಸಿನ ಮೇಲೆ ನಡೆದು, ಡ್ರೈವರ್ ಬದಿಯ ಬಾಗಿಲು ತೆರೆದು ಒಳಗೆ ಸೇರಿದೆ. ಕೆಳಗಿಳಿ ಎಂದು ಸನ್ನೆ ಮಾಡಿದೆ. ಅವಳು ತಲೆ ಎತ್ತದೆ ಹೊಲಿಗೆ ಬಿಚ್ಚುತ್ತಿದ್ದಳು. ತೋಳು ಹಿಡಿದೆಳೆದೆ, ಕೊಡವಿದಳು. ಕಣ್ಣಲ್ಲಿ ನೀರಿತ್ತು. ಆಗ ನನಗೆ ತಿಳಿಯಿತು, ಇದು ಗಾದಿಯ ಮಾತಲ್ಲ.

ಅವಳ ಕಿವಿಯ ಹತ್ತಿರ ಬಾಯಿಟ್ಟು, ತಪ್ಪಾಯಿತು ಎಂದು ಪಿಸುಗುಟ್ಟಿದೆ.

"ಏನಂದಿ?" ಎಂದಳು. ಹಾಸು ಲಟಕ್ಕೆಂದಿತು.

ಮತ್ತೆ ಪಿಸುಗುಟ್ಟಿದೆ. ಆ ಹಾಳು ಗಾದಿ ನನ್ನ ಪಿಸುಮಾತನ್ನು ಅವಳಿಗೆ ಮುಟ್ಟುವ ಮೊದಲೇ ಕುಡಿಯುತ್ತಿತ್ತೋ, ಇಲ್ಲ ಅವಳೇ ಬೇಕೆಂದು ಕೇಳದವಳ ಹಾಗೆ ಕೂತಿದ್ದಳೋ, ನನಗೆ ಈಗಲೂ ಗೊತ್ತಿಲ್ಲ.

"ಕೇಳವಲ್ದು. ಬೈಯುವಾಗ ಊರಿಗೆಲ್ಲಾ ಕೇಳ್ಸಿದಿ, ಇದನ್ನೂ ಹಂಗ ಹೇಳು."

ಹೊರಗೆ ಸಾಹೇಬರು ಎರಡೂ ಕೈ ಮುಗಿದು ಬೇಡ ಬೇಡ ಎನ್ನುತ್ತಿದ್ದರು. ನಾನು ಒಂದು ಕೈಯಲ್ಲಿ ಬಾಗಿಲು ತೆರೆದಿಟ್ಟು, ಇನ್ನೊಂದರಲ್ಲಿ ಅವಳ ನಡು ಬಳಸಿ ಹಿಡಿದು, ಇಪ್ಪತ್ತೆರಡು ವರ್ಷ ಎಂಜಿನ್ನಿನ ಮೇಲೆ ಕೂಗಿ ಪಳಗಿದ ಗಂಟಲಿನಿಂದ ಹೇಳಿದೆ:

"ತಪ್ಪಾತು ಅತ್ತಿ!"

ಇಬ್ಬರೂ ಹೊರಗೆ ಬಿದ್ದೆವು. ನಾವು ಕಾಟಾದ ಅಂಚಿಗೆ ಉರುಳುವುದಕ್ಕೂ ಹಾಸು ಎರಡಾಗಿ ಮುರಿಯುವುದಕ್ಕೂ ಸರಿಹೋಯಿತು. ಲಾರಿಯ ಮುಖ ಗುಂಡಿಯೊಳಗೆ ಹೋಯಿತು, ಹಿಂಭಾಗ ಆಕಾಶ ನೋಡಿತು. ಅಷ್ಟು ದೊಡ್ಡ ಉಕ್ಕು ಮುರಿದ ಸದ್ದು ಹೇಗಿರಬೇಕು? ನಮಗೆ ಕೇಳಿದ್ದು ಆಡು ಚುರುಮರಿ ತಿನ್ನುವ ಸಪ್ಪಳ ಮಾತ್ರ. ಉಳಿದದ್ದನ್ನು ಗಾದಿ ಕುಡಿದಿತ್ತು, ಕುಡಿದು ಇನ್ನೂ ಎರಡು ಮೊಳ ಇಳಿದಿತ್ತು.

ಅತ್ತೆ ಸೀರೆಯ ಧೂಳು ಕೊಡವಿಕೊಂಡು, ಈಗ ಕೇಳಿಸಿತು ಎಂದಳು.

ಕೇಸು ಆಗಲಿಲ್ಲ. ಅದಿರು ಸಿಕ್ಕಿರಲಿಲ್ಲ, ತೂಕ ಹೇಳಬೇಕಾದ ಯಂತ್ರ ಗುಂಡಿಯಲ್ಲಿತ್ತು, ಮತ್ತು ಅಮರಗುಂಡಪ್ಪ ಸಾಹೇಬರಿಗೆ ತಾವು ಒಳಗೆ ಏನು ಮಾಡಿದಿರಿ ಎಂದು ಯಾರಾದರೂ ಕೇಳುವುದು ಬೇಕಿರಲಿಲ್ಲ. ಕ್ರೇನು ಬಂತು, ಸೋತು ಹೋಯಿತು. ಕಡೆಗೆ ಕ್ಯಾಬಿನ್ನನ್ನು ಗ್ಯಾಸಿನಿಂದ ಕೊಯ್ದು ಗಾದಿ ಸಮೇತ ಗುಂಡಿಯಲ್ಲೇ ಬಿಟ್ಟು, ಲಾರಿಯ ಉಳಿದ ಮೈಯನ್ನಷ್ಟೇ ಎಳೆದುಕೊಂಡು ಬಂದೆವು. ಈಗ ಹೊಸ ಕ್ಯಾಬಿನ್ ಕೂರಿಸಿದ್ದೇನೆ, ಒಳಗೆ ಹುಬ್ಬಳ್ಳಿಯ ಹಾಳೆ ಹಚ್ಚಿದ್ದೇನೆ. ಕಿವಿಗೆ ಅಷ್ಟು ಸಾಕು ಎಂದು ಡಾಕ್ಟರು ಒಪ್ಪಿದ್ದಾರೆ. ಅತ್ತೆ ಪಕ್ಕದಲ್ಲಿ ಕೂತರೆ ಅವಳ ಮಾತು ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ. ಎಲ್ಲದಕ್ಕೂ ಹೂಂ ಎನ್ನುತ್ತೇನೆ.

ನಾಕಾದವರು ಗುಂಡಿಯನ್ನು ಮಣ್ಣು, ಕಲ್ಲು ಹಾಕಿ ಮುಚ್ಚಿ, ಹೊಸ ಕಾಟಾವನ್ನು ಆಚೆ ಕಟ್ಟಿಕೊಂಡರು. ಹಳೇ ಜಾಗದ ಮೇಲೆ ಈಗ ರಸ್ತೆ ಹೋಗಿದೆ. ಅಲ್ಲಿ ಯಾರಾದರೂ ಜಗಳಕ್ಕೆ ನಿಂತು ಕೂಗಾಡಿದರೆ ಮರುದಿನಕ್ಕೆ ಒಂದು ತಗ್ಗು ಬಿದ್ದಿರುತ್ತದೆ. ತಗ್ಗು ನೋಡಿ ಜನ ಇನ್ನಷ್ಟು ಬೈಯುತ್ತಾರೆ, ಅದು ಇನ್ನಷ್ಟು ಇಳಿಯುತ್ತದೆ. ವರ್ಷಕ್ಕೆ ಮೂರು ಸಲ ಡಾಂಬರು ಹಾಕುತ್ತಾರೆ. ಯಾಕೆ ಹೀಗಾಗುತ್ತದೆ ಎಂದು ಇದುವರೆಗೆ ಒಬ್ಬನೂ ಕೇಳಿಲ್ಲ; ನಮ್ಮ ಕಡೆ ರಸ್ತೆ ಕುಸಿಯಲು ಯಾರೂ ಕಾರಣ ಹುಡುಕುವುದಿಲ್ಲ.